ದವಡೆ ಆಡಿಸುವ ನಗೆ ಮುಖವಾಡವನ್ನು ಹಾಲೆ ಮರದಲ್ಲಿ ಕೆತ್ತುವ ಬಗೆ

ನೈಜೀರಿಯಾದ ದಕ್ಷಿಣದಲ್ಲಿ, ನೈಜರ್ ನದಿ ಹತ್ತಾರು ಕವಲುಗಳಾಗಿ ಸಮುದ್ರವನ್ನು ಸೇರುವ ತಗ್ಗು ನಾಡಿನಲ್ಲಿ, ಒಗೋನಿ ಎಂಬ ಜನರಿದ್ದಾರೆ. ಅವರು ‘ಎಲು’ ಎಂದು ಕರೆಯುವ ಮರದ ಮುಖವಾಡ ಗಾತ್ರದಲ್ಲಿ ಚಿಕ್ಕದು. ಧರಿಸಿದವನ ಮುಖ ಮುಚ್ಚಿದರೆ ಅದಕ್ಕೆ ಸಾಕು. ಆದರೆ ಅದರ ಕೆಳದವಡೆ ಬೇರೆಯದೇ ತುಂಡಾಗಿದ್ದು ಮೇಲಿನ ಭಾಗಕ್ಕೆ ಕೀಲಿನಂತೆ ಕಟ್ಟಿರುತ್ತದೆ, ಬಾಯಿ ತೆರೆದಾಗ ಒಳಗೆ ಸಾಲಾಗಿ ನೆಟ್ಟ ಸೀಳು ಹಲ್ಲುಗಳು ಕಾಣಿಸುತ್ತವೆ. ಸಾಗರದಲ್ಲಿ ಮರಗೆತ್ತನೆ ಕಲಿತ ನಾನು ಅದರ ಚಿತ್ರಗಳನ್ನು ನೋಡಿ ಮರುಳಾದದ್ದು ಆ ದವಡೆಗಾಗಿಯೇ. ಕಣ್ಣನ್ನು ಎಷ್ಟೇ ಸೊಟ್ಟಗೆ ಕೆತ್ತಿದರೂ, ಮೂಗನ್ನು ಎಷ್ಟೇ ಉದ್ದ ಮಾಡಿದರೂ, ನೋಡುವವರು ಒಮ್ಮೆ ನಕ್ಕು ಸುಮ್ಮನಾಗುತ್ತಾರೆ. ದವಡೆ ಸರಿಯಾದ ಗಳಿಗೆಯಲ್ಲಿ ಟಕ್ಕೆಂದು ಮುಚ್ಚಿದರೆ ಮಾತ್ರ ನಗು ಮತ್ತೆ ಮತ್ತೆ ಹುಟ್ಟುತ್ತದೆ. ಆದ್ದರಿಂದ ಈ ಬರಹದಲ್ಲಿ ಉಳಿದೆಲ್ಲಕ್ಕಿಂತ ಕೀಲಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉಳಿ ಹಿಡಿಯುವ ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪಶ್ಚಿಮ ಆಫ್ರಿಕಾದಲ್ಲಿ ನಗಿಸುವ ಮುಖವಾಡವೂ ಸಾಮಾನ್ಯವಾಗಿ ಯಾವುದಾದರೊಂದು ಸಂಘಕ್ಕೆ, ಹಬ್ಬಕ್ಕೆ, ಹಿರಿಯರ ಅಪ್ಪಣೆಗೆ ಸೇರಿದ ವಸ್ತು. ನೈಜೀರಿಯಾದ ಪೂರ್ವಭಾಗದಲ್ಲಿ, ಆಫಿಕ್ಪೊ ಎಂಬ ಇಗ್ಬೊ ಜನರ ಊರುಗಳಲ್ಲಿ ‘ಒಕುಮ್ಕ್ಪಾ’ ಎಂಬ ಆಟವಿದೆ. ಮುಖವಾಡ ತೊಟ್ಟ ಗಂಡಸರು ಊರ ಬಯಲಿನಲ್ಲಿ ಹಾಡು, ಕುಣಿತ, ಚುಟುಕು ಪ್ರಸಂಗಗಳ ಮೂಲಕ ತಮ್ಮೂರಿನವರ ದುರಾಸೆಯನ್ನೂ ಲಂಚಕೋರತನವನ್ನೂ ಮೂರ್ಖತನವನ್ನೂ ಎಲ್ಲರೆದುರು ಆಡಿ ತೋರಿಸುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಸೈಮನ್ ಒಟೆನ್‌ಬರ್ಗ್ 1950ರ ದಶಕದಿಂದ ಅಲ್ಲಿ ಅಧ್ಯಯನ ಮಾಡಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಆ ಮುಖವಾಡಗಳನ್ನು ಧರಿಸುವ ಹಕ್ಕು ಅಲ್ಲಿನ ಗುಪ್ತಸಂಘದಲ್ಲಿ ದೀಕ್ಷೆ ಪಡೆದವರದು. ನಮ್ಮಲ್ಲಿ ಭೂತದ ಮೊಗವನ್ನು ಯಾರೂ ಆಟಿಕೆಯಾಗಿ ಕೆತ್ತುವುದಿಲ್ಲ. ಅದೇ ಮರ್ಯಾದೆಯನ್ನು ಅವರ ಮೊಗಗಳಿಗೂ ಸಲ್ಲಿಸಬೇಕು. ಹೀಗಾಗಿ ನಾನು ಅಲ್ಲಿಂದ ತೆಗೆದುಕೊಳ್ಳುವುದು ಕೆಲಸದ ರೀತಿಯನ್ನು ಮಾತ್ರ: ಆಡುವ ದವಡೆ, ಬಿದಿರಿನ ಹಲ್ಲು, ಹಗುರ ಮರ, ಅಂಚಿಗೆ ನಾರು. ಮುಖ ಯಾರದೆಂಬುದನ್ನು ನಮ್ಮೂರಿನ ಬದುಕಿನಿಂದಲೇ ಆರಿಸಿಕೊಳ್ಳುತ್ತೇನೆ. ಅಡಿಕೆ ಧಾರಣೆ ಏರಿದ ದಿನ ಎಲ್ಲರಿಗೂ ಉಪದೇಶ ಮಾಡುವ ಯಜಮಾನ, ಕರೆಯದಿದ್ದರೂ ಪಂಕ್ತಿಯ ತುದಿಯಲ್ಲಿ ಕುಳಿತು ಎರಡನೆಯ ಸಲ ಹೋಳಿಗೆ ಕೇಳುವ ನೆಂಟ, ಇಂಥವರು ಸಾಕು. ಒಬ್ಬನೇ ನಿಜವಾದ ಮನುಷ್ಯನನ್ನು ಹೋಲುವಂತೆ ಕೆತ್ತಬಾರದು, ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ಕೆಟ್ಟ ಮುಖವನ್ನು ನಗೆಗೆ ಬಳಸಲೂಬಾರದು.

ಮರದ ಆಯ್ಕೆಯಲ್ಲಿ ಮಲೆನಾಡಿನವರು ಅದೃಷ್ಟವಂತರು. ಪಶ್ಚಿಮ ಆಫ್ರಿಕಾದ ಅನೇಕ ಕಡೆ ಮುಖವಾಡಗಳನ್ನು ಕೆತ್ತುವ ಮರಗಳಲ್ಲಿ ಒಂದು ನಮ್ಮ ಹಾಲೆಯ ಹತ್ತಿರದ ನೆಂಟ. ಸಸ್ಯಶಾಸ್ತ್ರದಲ್ಲಿ ಎರಡೂ ಆಲ್ಸ್ಟೋನಿಯಾ ಎಂಬ ಒಂದೇ ಕುಲಕ್ಕೆ ಸೇರಿವೆ. ಒಂದೇ ಗಣ್ಣಿನಲ್ಲಿ ಸುಮಾರು ಏಳು ಎಲೆ ಸುತ್ತಲೂ ಹರಡಿ ನಿಲ್ಲುವುದರಿಂದ ನಮ್ಮ ಕಡೆ ಇದನ್ನು ಏಳೆಲೆ ಹಾಲೆ ಎಂದೂ ಮದ್ದಾಲೆ ಎಂದೂ ಕರೆಯುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ರಾತ್ರಿಯಿಡೀ ಗಾಢವಾಗಿ ಕಂಪು ಸೂಸುವ ಹೂವಿನ ಮರ ಇದೇ. ಇದರ ಕಟ್ಟಿಗೆ ಬಿಳಿ, ಎಳೆ ನಯ, ತೂಕ ಕಡಿಮೆ. ಹಿಂದೆ ಶಾಲೆಯ ಹಲಗೆಗಳನ್ನು ಇದರಿಂದ ಮಾಡುತ್ತಿದ್ದುದರಿಂದಲೇ ಇದರ ಶಾಸ್ತ್ರೀಯ ಹೆಸರಿನಲ್ಲಿ ‘ಸ್ಕಾಲಾರಿಸ್’ ಎಂಬ ಪದ ಸೇರಿದೆ. ಹಾಲೆ ಸಿಗದಿದ್ದರೆ ಶಿವನೆ ಮರವೂ ಒಳ್ಳೆಯದೇ, ತುಸು ಭಾರವೆನಿಸಬಹುದು. ಸಾಗುವಾನಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಅರ್ಧ ತಾಸು ಮುಖದ ಮೇಲೆ ಹೊತ್ತು ಕುಣಿಯಬೇಕಾದವನ ಕುತ್ತಿಗೆಯನ್ನು ಕೆತ್ತುವವನೇ ನೆನೆಯಬೇಕು.

ಮುಖವಾಡಕ್ಕಾಗಿ ನಿಂತ ಮರವನ್ನು ಕಡಿಯುವ ಅಗತ್ಯವಿಲ್ಲ. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದರಿಂದ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ಆಷಾಢದ ಗಾಳಿಗೆ ತೋಟದಂಚಿನಲ್ಲಿ ಮುರಿದು ಬಿದ್ದ ತೊಡೆಗಾತ್ರಕ್ಕಿಂತ ದಪ್ಪನೆಯ ಕೊಂಬೆಯೊಂದು ಸಿಕ್ಕರೆ ನಾಲ್ಕು ಮುಖವಾಡಗಳಾಗುತ್ತವೆ. ಆದರೆ ತಡ ಮಾಡುವಂತಿಲ್ಲ. ಹಾಲೆ ಹಸಿಯಿರುವಾಗ ಮಳೆಗೆ ಬಿದ್ದುಕೊಂಡಿದ್ದರೆ ವಾರದೊಳಗೆ ಬೂದುನೀಲಿ ಕಲೆ ಹಿಡಿಯುತ್ತದೆ, ಆಮೇಲೆ ಕುಟ್ಟೆ ಹುಳು ಬರುತ್ತದೆ. ಕೊಂಬೆಯನ್ನು ಹತ್ತು ಇಂಚು ಉದ್ದದ ತುಂಡುಗಳಾಗಿ ಕೊಯ್ದು, ನಡುವಿನ ಮೆತ್ತನೆಯ ತಿರುಳು ಒಂದು ಕಡೆಗೂ ಸೇರದಂತೆ ಉದ್ದಕ್ಕೆ ಸೀಳಿ ತೆಗೆಯಬೇಕು. ತಿರುಳು ಉಳಿದರೆ ಒಣಗುವಾಗ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಹಾಲೆಯ ಹಾಲು ಕೆಲವರ ಚರ್ಮಕ್ಕೆ ತುರಿಕೆ ತರುವುದರಿಂದ ಹಸಿ ಮರದ ಕೆಲಸದಲ್ಲಿ ಕಣ್ಣುಜ್ಜಿಕೊಳ್ಳದಂತೆ ಎಚ್ಚರ ವಹಿಸುವುದು ಒಳ್ಳೆಯದು.

ಹಸಿ ಇರುವಾಗಲೇ ಒರಟು ಕೆಲಸ ಮುಗಿಸುವುದು ಆಫ್ರಿಕಾದ ಕೆತ್ತನೆಗಾರರ ಪದ್ಧತಿ. ಅವರ ಮುಖ್ಯ ಹತಾರ ಬಾಚಿ. ಮುಖದ ಉಬ್ಬು ತಗ್ಗುಗಳನ್ನೆಲ್ಲ ಬಾಚಿಯಿಂದಲೇ ಎಬ್ಬಿಸಿ, ಕಡೆಯ ನಯಗಾರಿಕೆಗೆ ಚಾಕು ಹಿಡಿಯುತ್ತಾರೆ. ಉಳಿ ಮತ್ತು ಕೊಡತಿಗೆ ಕೈ ಒಗ್ಗಿದ ನಮ್ಮವರು ಉಳಿಯಿಂದಲೇ ಮಾಡಬಹುದು, ಆದರೂ ಹಿಂಭಾಗವನ್ನು ಬಗೆಯುವಾಗ ಬಾಚಿ ಅರ್ಧ ದಿನದ ಕೆಲಸವನ್ನು ಒಂದು ತಾಸಿಗೆ ಇಳಿಸುತ್ತದೆ. ತುಂಡು ಒಂಬತ್ತು ಇಂಚು ಎತ್ತರ, ಏಳು ಇಂಚು ಅಗಲ, ಐದು ಇಂಚು ದಪ್ಪ ಇದ್ದರೆ ದೊಡ್ಡವರ ಮುಖಕ್ಕೆ ಸಾಕು. ಮೊದಲು ಹಿಂಭಾಗ, ಆಮೇಲೆ ಮುಂಭಾಗ. ಸೊರಬದ ಕಡೆಯ ಹಿರಿಯ ಗುಡಿಗಾರರೊಬ್ಬರು ನನ್ನ ಮೊದಲ ಮುಖವಾಡವನ್ನು ಕೈಗೆ ತೆಗೆದುಕೊಂಡವರೇ ಮಗುಚಿ ಹಿಂಬದಿ ನೋಡಿ, “ತಮ್ಮಾ, ಇದನ್ನ ಹಾಕ್ಕೊಳ್ಳೋನು ಉಸಿರು ಎಲ್ಲಿಂದ ಬಿಡಬೇಕು?” ಎಂದು ಕೇಳಿದ್ದರು. ಅಂದಿನಿಂದ ನಾನು ಧರಿಸುವವನನ್ನು ಎದುರಿಗೆ ಕೂರಿಸಿಕೊಂಡು, ಹಣೆಯಿಂದ ಗದ್ದದವರೆಗೆ, ಒಂದು ಕಿವಿಯ ಮುಂದಿನಿಂದ ಇನ್ನೊಂದರವರೆಗೆ, ಕಣ್ಣುಗುಡ್ಡೆಗಳ ನಡುವೆ ಹೀಗೆ ಮೂರು ಅಳತೆ ಹಿಡಿದು, ಮೂಗಿಗೆ ಬೇರೆಯಾಗಿ ಆಳವಾದ ಗುಳಿ ತೆಗೆಯದೆ ಮುಂಭಾಗದಲ್ಲಿ ಒಂದು ಗೆರೆಯನ್ನೂ ಎಳೆಯುವುದಿಲ್ಲ.

ಒರಟು ಕೆಲಸ ಮುಗಿದಾಗ ಗೋಡೆ ಎಲ್ಲ ಕಡೆಯೂ ಸುಮಾರು ಒಂದು ಇಂಚು ದಪ್ಪ ಇರಲಿ. ಎಳೆ ಕಡಿದ ಎರಡು ತುದಿಗಳಿಗೂ ಕಾಯಿಸಿದ ಜೇನುಮೇಣ ಸವರಿ, ಒಲೆಯ ಮೇಲಿನ ಹೊಗೆ ಅಟ್ಟದಲ್ಲಿ ಇಡಬೇಕು. ಅಲ್ಲಿ ಬೆಂಕಿಯ ಕಾವು ನೇರವಾಗಿ ತಾಗುವುದಿಲ್ಲ, ಹೊಗೆ ಮಾತ್ರ ನಿಧಾನವಾಗಿ ಸುಳಿಯುತ್ತದೆ, ಹುಳುವೂ ಹತ್ತಿರ ಸುಳಿಯದು. ಗ್ಯಾಸ್ ಒಲೆಯ ಮನೆಯವರು ಬಚ್ಚಲ ಒಲೆಯ ಮಾಡಿನಡಿ ಕಟ್ಟಿ ತೂಗುಹಾಕಬಹುದು. ಆಷಾಢದಲ್ಲಿ ಇಟ್ಟದ್ದನ್ನು ದೀಪಾವಳಿಯ ಹೊತ್ತಿಗೆ ಇಳಿಸಿದರೆ ಮರ ಕೈಗೆ ಹಗುರವಾಗಿ, ಬೆರಳಿನಿಂದ ಬಡಿದಾಗ ಟಣ್ಣನೆ ದನಿ ಕೊಡುತ್ತದೆ. ದನಿ ಮಂದವಾಗಿದ್ದರೆ ಇನ್ನಷ್ಟು ದಿನ ಬಿಡಬೇಕು.

ಈಗ ದವಡೆ. ಮುಂಭಾಗದ ಕೆತ್ತನೆಗೆ ಕೈ ಹಾಕುವ ಮೊದಲೇ ದವಡೆಯನ್ನು ಅದೇ ತುಂಡಿನಿಂದ ಬೇರ್ಪಡಿಸಬೇಕು. ಬೇರೆ ಮರದಲ್ಲಿ ದವಡೆ ಮಾಡಿ ಜೋಡಿಸಿದರೆ ಎಳೆ ಕೂಡುವುದಿಲ್ಲ, ಮಳೆಗೆ ಒಂದು ಹಿಗ್ಗಿದಷ್ಟು ಇನ್ನೊಂದು ಹಿಗ್ಗುವುದಿಲ್ಲ. ಬಾಯಿಯ ಗೆರೆಯನ್ನು ತುಟಿಯ ಎರಡು ಕೊನೆಗಳಿಂದ ಹಿಂದಕ್ಕೆ ಎಳೆದು, ಕೆನ್ನೆಯ ಹಿಂಚಿನಲ್ಲಿ ಸ್ವಲ್ಪ ಮೇಲಕ್ಕೆ ತಿರುಗಿಸಿ, ಸಣ್ಣ ಹಲ್ಲಿನ ಗರಗಸದಿಂದ ಆ ಗೆರೆಯಲ್ಲೇ ಕೊಯ್ಯಬೇಕು. ಆಗ ಕೆಳಗಿನ ತುಂಡು ಕುದುರೆಲಾಳದ ಆಕಾರದಲ್ಲಿ ಕೈಗೆ ಬರುತ್ತದೆ. ಅದರ ಎರಡು ತೋಳುಗಳ ಹೊರಮೈಯನ್ನು ತುಸು ಕೆರೆದು ಮೇಲಿನ ಕೆನ್ನೆಗಳ ಒಳಮಗ್ಗುಲಿಗೆ ಹೋಗಿ ಕೂರುವಂತೆ ಮಾಡಿದರೆ, ಹೊರಗಿನಿಂದ ನೋಡುವವರಿಗೆ ಕೀಲು ಕಾಣುವುದಿಲ್ಲ.

ನಾನು ಮೊದಲ ಸಲ ತಪ್ಪಿದ್ದು ಇಲ್ಲಿಯೇ. ಚೈತ್ರದ ಬಿಸಿಲಿನಲ್ಲಿ ಕೂಡಿಸಿದ ದವಡೆ ಕೂದಲೆಳೆಯ ಸಂದೂ ಇಲ್ಲದಂತೆ ಕೂತಿತ್ತು, ಅದನ್ನು ನೋಡಿ ನಾನು ಹಿಗ್ಗಿದ್ದೆ. ಅದೇ ಮುಖವಾಡ ಜುಲೈ ತಿಂಗಳ ಒಂದು ಸಂಜೆ, ನಾಲ್ಕು ದಿನದ ಜಡಿಮಳೆಯ ನಡುವೆ, ರಂಗದ ಮೇಲೆ ಬಂದಿತು. ಮರ ತೇವ ಕುಡಿದು ಊದಿಕೊಂಡು ದವಡೆ ಎರಡು ಕೆನ್ನೆಗಳ ನಡುವೆ ಬೆಣೆಯಂತೆ ಸಿಕ್ಕಿಕೊಂಡಿತು. ಧರಿಸಿದ್ದ ಹುಡುಗ ಒಳಗಿನಿಂದ ಗದ್ದ ಒತ್ತಿ ಒತ್ತಿ ಕೊನೆಗೆ ಕೀಲಿಗೆಂದು ಹಾಕಿದ್ದ ಬೆತ್ತದ ಕಡ್ಡಿ ಒಂದು ಕಡೆ ಮುರಿದು, ದವಡೆ ಒಂದೇ ಕಿವಿಯಿಂದ ತೂಗಾಡಿತು. ಅವನ ಗದ್ದ ತರಚಿ ರಕ್ತ ಬಂದಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಅಂದಿನಿಂದ ಪ್ರತಿ ಮಗ್ಗುಲಿನಲ್ಲೂ ಎರಡು ನೂಲು, ಅಂದರೆ ಕಾಲು ಇಂಚು, ಸಂದು ಬಿಡುತ್ತೇನೆ. ಬೇಸಿಗೆಯಲ್ಲಿ ಅದು ಸಡಿಲವೆನಿಸಿದರೂ ಮಲೆನಾಡಿನ ಮಳೆಗೆ ಬೇಕಾದ ಅಳತೆ ಅದೇ.

ಕೀಲಿಗೆ ಕಬ್ಬಿಣದ ಮೊಳೆ ಬೇಡ. ಬೆವರು ಮತ್ತು ತೇವಕ್ಕೆ ಅದು ತುಕ್ಕು ಹಿಡಿದು ಮರವನ್ನೂ ಕಪ್ಪಾಗಿಸುತ್ತದೆ, ಕಿರುಗುಟ್ಟುತ್ತದೆ. ನಾನೀಗ ಹುರಿ ಕೀಲನ್ನೇ ಬಳಸುತ್ತೇನೆ. ಮೇಲಿನ ಕೆನ್ನೆಯ ಹಿಂಚಿನಲ್ಲಿ ಅರ್ಧ ಇಂಚಿನ ಅಂತರದಲ್ಲಿ ಎರಡು ತೂತು, ದವಡೆಯ ತೋಳಿನ ತುದಿಯಲ್ಲಿ ಒಂದು ತೂತು ಕೊರೆದು, ಜೇನುಮೇಣ ತಿಕ್ಕಿದ ಹತ್ತಿ ಹುರಿಯನ್ನು ಮೂರು ಸುತ್ತು ಪೋಣಿಸಿ ಒಳಮಗ್ಗುಲಿನಲ್ಲಿ ಗಂಟು ಹಾಕಬೇಕು. ತೂತುಗಳನ್ನು ಬೈರಿಗೆಯಿಂದ ಕೊರೆದ ಮೇಲೆ ಕಾಸಿದ ಕಬ್ಬಿಣದ ಸರಳನ್ನು ಒಮ್ಮೆ ಹಾಯಿಸಿದರೆ ಬಾಯಿ ಸುಟ್ಟು ಗಟ್ಟಿಯಾಗಿ ಹುರಿಯನ್ನು ಕೊಯ್ಯುವುದಿಲ್ಲ. ಕೀಲು ಎಷ್ಟು ಹಿಂದೆ, ಎಷ್ಟು ಮೇಲೆ ಇದ್ದರೆ ಅಷ್ಟು ಒಳ್ಳೆಯದು, ಏಕೆಂದರೆ ನಮ್ಮ ಸ್ವಂತ ದವಡೆ ತಿರುಗುವುದು ಕಿವಿಯ ಮುಂದಿನ ಕೀಲಿನಲ್ಲಿ. ಮುಖವಾಡದ ಕೀಲು ಅದರಿಂದ ಮುಂದೆ ಸರಿದಷ್ಟೂ ಗದ್ದ ಜಾರಿ ಉಜ್ಜುತ್ತದೆ.

ದವಡೆಯನ್ನು ಆಡಿಸುವುದಕ್ಕೆ ನಾನು ಅನುಸರಿಸುವ ಉಪಾಯ ಹೀಗಿದೆ. ದವಡೆಯ ಒಳತಳದಲ್ಲಿ ಧರಿಸುವವನ ಗದ್ದ ಕೂರುವಂತೆ ಬಟ್ಟಲಿನಾಕಾರದ ಗುಳಿ ತೆಗೆದು, ಹಳೆಯ ಕಂಬಳಿಯ ತುಂಡನ್ನು ಅಂಟಿಸುತ್ತೇನೆ. ಸೈಕಲ್ ಟ್ಯೂಬಿನಿಂದ ಕಿರುಬೆರಳ ಅಗಲದ ಎರಡು ಪಟ್ಟಿಗಳನ್ನು ಕತ್ತರಿಸಿ ದವಡೆಯ ಒಳಮಗ್ಗುಲಿನಿಂದ ಮೇಲಿನ ಕೆನ್ನೆಯ ಒಳಗಿನ ಸಣ್ಣ ಗೂಟಕ್ಕೆ ಸಿಕ್ಕಿಸುತ್ತೇನೆ. ಬಾಯಿ ತೆರೆದರೆ ಗದ್ದ ದವಡೆಯನ್ನು ಕೆಳಗೆ ತಳ್ಳುತ್ತದೆ, ಬಾಯಿ ಮುಚ್ಚಿದರೆ ರಬ್ಬರ್ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಪಟ್ಟಿ ಬಿಗಿಯಾದರೆ ನಟನ ಗದ್ದ ಹತ್ತು ನಿಮಿಷದಲ್ಲಿ ದಣಿಯುತ್ತದೆ, ಸಡಿಲವಾದರೆ ದವಡೆ ಮುಚ್ಚುವಾಗ ಸದ್ದು ಬರುವುದಿಲ್ಲ; ಎರಡರ ನಡುವಿನ ಹದವನ್ನು ಧರಿಸಿಯೇ ಕಂಡುಕೊಳ್ಳಬೇಕು.

ಆ ಸದ್ದು ಬರುವುದು ಹಲ್ಲಿನಿಂದ. ಬಲಿತು ಒಣಗಿದ ಬಿದಿರಿನ ಗಳುವನ್ನು ಮೂರು ನೂಲು ಅಗಲ, ಒಂದು ಇಂಚು ಉದ್ದದ ಸೀಳುಗಳಾಗಿ ಮಾಡಿಕೊಳ್ಳಬೇಕು. ಬಿದಿರಿನ ಹೊರಮೈಯನ್ನು ಹೆರೆಯಬಾರದು. ಆ ನುಣುಪಾದ, ಹಳದಿ ಛಾಯೆಯ ಸಿಪ್ಪೆ ಮುಂದಕ್ಕೆ ಬರುವಂತೆ ನೆಟ್ಟರೆ ಎಲೆಯಡಿಕೆ ಹಾಕುವ ಅಜ್ಜನ ಹಲ್ಲಿನ ಹಾಗೆ ದೀಪದ ಬೆಳಕಿಗೆ ಮಿನುಗುತ್ತದೆ, ಯಾವ ಬಣ್ಣದಿಂದಲೂ ಆ ಮೆರುಗು ಬರುವುದಿಲ್ಲ. ತುಟಿಯ ಹಿಂದೆ ಸಣ್ಣ ಉಳಿಯಿಂದ ಅರ್ಧ ಇಂಚು ಆಳದ ತೋಡು ತೆಗೆದು, ಸೀಳುಗಳ ಬುಡವನ್ನು ಬೆಣೆಯಂತೆ ತೆಳುವಾಗಿಸಿ, ಫೆವಿಕಾಲ್ ಹಚ್ಚಿ ಒಂದೊಂದಾಗಿ ಬಡಿಯಬೇಕು. ಎಲ್ಲವೂ ಸಮನಾಗಿರುವುದು ಬೇಡ. ಒಂದು ಹಲ್ಲು ಉದ್ದ, ಅದರ ಪಕ್ಕದ್ದು ಇಲ್ಲವೇ ಇಲ್ಲ, ಮತ್ತೊಂದು ಓರೆ ಹೀಗಿದ್ದರೆ ಬಾಯಿ ಮುಚ್ಚಿದಾಗಲೂ ಮುಖ ಏನೋ ಹೇಳಹೊರಟಂತೆ ಕಾಣುತ್ತದೆ. ಆದರೆ ಮೇಲೆ ಎರಡು, ಕೆಳಗೆ ಎರಡು ಹಲ್ಲುಗಳಾದರೂ ಎದುರುಬದುರಾಗಿ ತಾಗಲೇಬೇಕು, ಏಕೆಂದರೆ ಬಿದಿರಿಗೆ ಬಿದಿರು ಬಡಿದಾಗಲೇ ಕೊನೆಯ ಸಾಲಿಗೂ ಕೇಳುವ ಟಕ್ಕೆಂಬ ಸದ್ದು ಹೊರಡುತ್ತದೆ. ಮದ್ದಳೆಯವನಿಗೆ ಈ ಸದ್ದಿನ ಪರಿಚಯ ಮಾಡಿಸಿದರೆ ಅವನು ಅದರ ಮೇಲೆ ಒಂದು ಪೆಟ್ಟು ಸೇರಿಸುತ್ತಾನೆ, ಆಟ ಅಲ್ಲಿಂದಲೇ ಬೆಳೆಯುತ್ತದೆ.

ಮುಂಭಾಗದ ಕೆತ್ತನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ಅವರವರ ಕೈಗೆ ಬಿಟ್ಟದ್ದು. ಎರಡೂ ಕಣ್ಣುಗಳನ್ನು ಒಂದೇ ಮಟ್ಟದಲ್ಲಿ ಕೆತ್ತದೆ ಒಂದನ್ನು ಎರಡು ನೂಲು ಮೇಲಿಟ್ಟರೆ ಸಾಕು, ಅದಕ್ಕಿಂತ ಹೆಚ್ಚಿನ ವಿಕಾರ ಹೆದರಿಕೆಯ ಕಡೆಗೆ ವಾಲುತ್ತದೆ. ನೋಡುವ ಸೀಳನ್ನು ಕೆತ್ತಿದ ಕಣ್ಣಿನ ಕೆಳರೆಪ್ಪೆಯಲ್ಲಿ ಅಡಗಿಸಿದರೆ ನಟನಿಗೆ ತನ್ನ ಕಾಲ ಮುಂದಿನ ನೆಲ ಕಾಣುತ್ತದೆ. ರಂಗದಿಂದ ಬೀಳದಿರಲು ಅದೇ ಮುಖ್ಯ. ಹುಬ್ಬನ್ನು ಆಳವಾಗಿ ಕಡಿದರೆ ಮೇಲಿನಿಂದ ಬೀಳುವ ಬೆಳಕಿಗೆ ನೆರಳು ಗಾಢವಾಗುತ್ತದೆ. ಕೊನೆಗೆ ಗೋಡೆಯ ದಪ್ಪ ಕೆನ್ನೆಯಲ್ಲಿ ಮೂರು ನೂಲು, ಹಣೆ ಮತ್ತು ಕೀಲಿನ ಬಳಿ ಐದು ನೂಲು ಉಳಿಯಲಿ. ಇಡೀ ಮುಖವಾಡ ಅರ್ಧ ಕಿಲೋ ಮೀರಬಾರದು.

ನಯಗೊಳಿಸಲು ಅಂಗಡಿಯ ಉಪ್ಪುಕಾಗದ ಆಗುತ್ತದೆ, ಆದರೆ ನನಗೆ ಗರಗತ್ತಿಯ ಎಲೆಯೇ ಇಷ್ಟ. ನಾಲಿಗೆಯಂತೆ ಒರಟಾದ ಈ ಎಲೆಯ ಮರ ನಮ್ಮ ಕಾಡಿನಲ್ಲೂ ಇದೆ, ಪಶ್ಚಿಮ ಆಫ್ರಿಕಾದಲ್ಲೂ ಇದೇ ಜಾತಿ ಬೆಳೆಯುತ್ತದೆ, ಅಲ್ಲಿನವರೂ ಮರ ಉಜ್ಜಲು ಇದನ್ನೇ ಬಳಸುತ್ತಾರೆ. ನೆರಳಲ್ಲಿ ಒಣಗಿಸಿದ ಎಲೆಗೆ ನೀರು ಚಿಮುಕಿಸಿ ಮೆತ್ತಗಾದ ಮೇಲೆ ಎರಡಾಗಿ ಮಡಚಿ ಎಳೆಯ ದಿಕ್ಕಿನಲ್ಲಿ ಉಜ್ಜಿದರೆ, ಮೂಗಿನ ಹೊಳ್ಳೆ, ತುಟಿಯ ಸಂದುಗಳಿಗೆಲ್ಲ ಬೆರಳಿನ ಜೊತೆಗೇ ಬಾಗಿ ಹೋಗುತ್ತದೆ.

ಬಣ್ಣಕ್ಕೆ ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವೇ ನನಗೆ ದಾರಿ ತೋರಿಸಿತು. ಅವರು ಕೆಮ್ಮಣ್ಣಿನಿಂದ ಕೆಂಪು, ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಹುರಿದು ಕರಿಮಾಡಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ ಮಾಡಿಕೊಳ್ಳುತ್ತಾರೆ. ಆಫ್ರಿಕಾದ ಮುಖವಾಡಗಳಲ್ಲಿಯೂ ಬಿಳಿ ಜೇಡಿ, ಇದ್ದಿಲ ಕಪ್ಪು, ಕೆಂಪುಗಳೇ ಹೆಚ್ಚು. ಮರದ ಮೇಲೆ ಅಕ್ಕಿಯ ಬಿಳಿ ಉದುರುವುದರಿಂದ ನಾನು ಅದರ ಬದಲು ಶೇಡಿ ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಗೋಂದು ಬೆರೆಸಿ ಬಳಸುತ್ತೇನೆ. ಮುಖದ ತುಂಬ ಒಂದೇ ಕಪ್ಪು, ತುಟಿ ಮತ್ತು ಕಣ್ಣಿನ ಸುತ್ತ ಮಾತ್ರ ಬಿಳಿ, ಇಷ್ಟು ಸಾಕು. ಒಳಭಾಗಕ್ಕೆ ಬಣ್ಣ ಬಳಿಯಬಾರದು. ತೆಳುವಾಗಿ ಎರಡು ಸಲ ಅಗಸೆ ಎಣ್ಣೆ ಸವರಿ ಹದಿನೈದು ದಿನ ಆರಲು ಬಿಟ್ಟರೆ ಬೆವರು ಮರಕ್ಕೆ ಇಳಿಯುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಬಿಡಿಸಿ ಹರಡಿ ಒಣಗಿಸಬೇಕು, ಮುದ್ದೆಯಾಗಿ ಬಿದ್ದರೆ ತಾನಾಗಿಯೇ ಬೆಂಕಿ ಹಿಡಿಯುವ ಅಪಾಯವಿದೆ. ಅಂಚಿನ ಸುತ್ತ ಇಂಚಿಗೊಂದು ತೂತು ಕೊರೆದು, ಅಲ್ಲಿನ ತಾಳೆಗರಿಯ ನಾರಿಗೆ ಬದಲಾಗಿ ನಮ್ಮ ಬಾಳೆ ನಾರನ್ನು ಕುಚ್ಚಾಗಿ ಕಟ್ಟಿದರೆ ಕುತ್ತಿಗೆ ಮತ್ತು ಕಿವಿ ಮರೆಯಾಗುತ್ತವೆ. ತಲೆಗೆ ಕಟ್ಟುವ ಹುರಿ ಹಣೆಯನ್ನು ಕೊಯ್ಯದಂತೆ ಮುಖವಾಡದ ಮೇಲಂಚನ್ನು ಅಡಿಕೆ ಹಾಳೆಯ ಟೋಪಿಗೆ ಹೊಲಿದುಬಿಡುವುದು ನಾನು ಕಂಡುಕೊಂಡ ಅತ್ಯುತ್ತಮ ಮಾರ್ಗ.

ಧರಿಸುವವನಿಗೆ ಒಂದು ಮಾತು ಹೇಳಿಕೊಡಬೇಕು. 1826ರಲ್ಲಿ ಕ್ಲಾಪರ್ಟನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿ ಈಗಿನ ನೈಜೀರಿಯಾದ ಯೊರೂಬಾ ಜನರ ಅರಸರ ರಾಜಧಾನಿ ಒಯೊದಲ್ಲಿ ವೇಷಗಾರರ ಆಟವೊಂದನ್ನು ನೋಡಿದ. ಅದರಲ್ಲಿ ಒಂದು ವೇಷ ಬಿಳಿಯನದು. ಕೈ ಉಜ್ಜಿಕೊಳ್ಳುವುದು, ನಶ್ಯ ಏರಿಸುವುದು, ಬರಿಗಾಲಿನಲ್ಲಿ ನಡೆದು ಅಭ್ಯಾಸವಿಲ್ಲದವನಂತೆ ಅಳುಕುತ್ತ ಹೆಜ್ಜೆ ಇಡುವುದು, ಇಷ್ಟರಿಂದಲೇ ಅದು ಜನರನ್ನು ನಗಿಸಿತೆಂದು ಅವನೇ ಬರೆದಿದ್ದಾನೆ. ಅಲ್ಲಿ ಕೆಲಸ ಮಾಡಿದ್ದು ಕಣ್ಣಿಟ್ಟು ನೋಡಿ ಹಿಡಿದ ಮೂರು ಚಲನೆಗಳು. ನಮ್ಮ ಯಕ್ಷಗಾನದ ಹಾಸ್ಯಗಾರರೂ ಹೀಗೆಯೇ ಹೆಜ್ಜೆ ಮತ್ತು ಕತ್ತಿನ ತಿರುವಿನಲ್ಲಿ ಮನುಷ್ಯನನ್ನು ಹಿಡಿಯುತ್ತಾರೆ. ದವಡೆಯನ್ನು ಎಡೆಬಿಡದೆ ಬಡಿಯುವವನು ಐದು ನಿಮಿಷದಲ್ಲಿ ಬೇಸರ ತರಿಸುತ್ತಾನೆ. ಇನ್ನೊಬ್ಬ ಮಾತನಾಡುವಾಗ ಬಾಯಿ ತೆರೆದು ಅಲುಗದೆ ನಿಂತು, ಮಾತು ಮುಗಿದು ಒಂದು ಉಸಿರು ಕಳೆದ ಮೇಲೆ ಒಮ್ಮೆ ಮುಚ್ಚಬೇಕು. ಬಣ್ಣ ಹಚ್ಚುವ ಮೊದಲೇ ನಟನಿಗೆ ಬರಿಮರದ ಮುಖವಾಡ ಕೊಟ್ಟು ಒಂದು ವಾರ ಅಭ್ಯಾಸ ಮಾಡಿಸಿದರೆ ಎಲ್ಲಿ ಉಜ್ಜುತ್ತದೆ, ಎಲ್ಲಿ ಇನ್ನೂ ಕೆರೆಯಬೇಕು ಎಂಬುದೂ ತಿಳಿಯುತ್ತದೆ.

ಮಳೆಗಾಲದ ಪ್ರದರ್ಶನವಿದ್ದರೆ ಹಿಂದಿನ ರಾತ್ರಿ ಮುಖವಾಡವನ್ನು ತೆರೆದ ಜಗಲಿಯಲ್ಲಿ ತೂಗುಹಾಕಿ ಬೆಳಿಗ್ಗೆ ದವಡೆ ಆಡಿಸಿ ನೋಡಬೇಕು. ಎಲ್ಲಾದರೂ ತಾಗಿದರೆ ತೋಳಿನ ಹೊರಮೈಯನ್ನು ಗರಗತ್ತಿ ಎಲೆಯಿಂದ ಉಜ್ಜಿ ಸರಿಮಾಡಿಕೊಳ್ಳಲು ಇನ್ನೂ ಸಮಯವಿರುತ್ತದೆ. ಆಟ ಮುಗಿದ ಮೇಲೆ ಒಳಭಾಗವನ್ನು ಒಣಬಟ್ಟೆಯಿಂದ ಒರೆಸಿ, ರಬ್ಬರ್ ಪಟ್ಟಿಗಳನ್ನು ಗೂಟದಿಂದ ಕಳಚಿ, ಹಲ್ಲುಗಳ ನಡುವೆ ಮಡಚಿದ ಹತ್ತಿಬಟ್ಟೆ ಇಟ್ಟು, ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲೆಯೇ ಇಡಬೇಕು. ಪಟ್ಟಿಗಳು ವರ್ಷಕ್ಕೊಮ್ಮೆ ಸೆಳೆತ ಕಳೆದುಕೊಳ್ಳುವುದರಿಂದ ಮುಖವಾಡದ ಜೊತೆಗೆ ಒಂದು ಜೊತೆ ಹೊಸ ಪಟ್ಟಿ ಮತ್ತು ಒಂದು ಮೊಳ ಮೇಣದ ಹುರಿಯನ್ನೂ ಅದೇ ಗಂಟಿನಲ್ಲಿ ಕಟ್ಟಿಡುತ್ತೇನೆ.